ಕೊಣ್ಣೂರಿನ ತುಂತುಣಿ

ಮಿರಜೆ-ಬೆಳಗಾವಿ ರೈಲುಮಾರ್ಗದ ಗೋಕಾಕ ರೋಡ ನಿಲ್ದಾಣದಲ್ಲಿಳಿದರೆ ಕೊಣ್ಣೂರ ಸಮೀಪ. ಪ್ರವಾಸಿಕರು ಇಲ್ಲಿ ನಿಲ್ಲುವದು ಅಪರೂಪ. ಘಟಪ್ರಭೆಯು 170 ಅಡಿ ಧುಮುಕುವ ಗೋಕಾಕ ಜಲಪಾತವನ್ನೂ, ಅದರ ಬಲದಿಂದ 1887ರಲ್ಲಿ ನಡೆಯತೊಡಗಿದ ನೂಲಿನ ಗಿರಣಿಯನ್ನೂ ನೋಡಲು ಅವರು ಮುಂದೆ ಸಾಗುವರು. ನಾನು ನಿಂತದ್ದು ಗೀಗೀಪದಕ್ಕಾಗಿ.

ಕಟ್ಟೆಯ ಮೇಲೆ ಮೂವರ ಮೇಳ. ಮುಂದಾಳಿನ ಕೈಯಲ್ಲಿ ದಪ್ಪು; ಹಿಮ್ಮೇಳದ ಒಬ್ಬನಲ್ಲಿ ತಾಳ, ಇನ್ನೊಬ್ಬನಲ್ಲಿ ತುಂತುಣಿ. ಪೊಳ್ಳು ಕೊಳವೆಯ ಒಂದು ಬಾಯಿಗೆ ಚರ್ಮ ಬಿಗಿದು, ಅದರ ನಡುವಿನಿಂದ ಒಂದೇ ತಂತಿಯನ್ನು ಹಾಯಿಸಿ, ಪಕ್ಕದ ಬಿದಿರುಕೋಲಿನ ಬಿರಡೆಗೆ ಸುತ್ತಿದರೆ ತುಂತುಣಿ ಸಿದ್ಧ. ಇಲ್ಲಿಯ ಕೊಳವೆಯು ಪೂರ್ವಾಶ್ರಮದಲ್ಲಿ ಎಣ್ಣೆಯ ಡಬ್ಬಿ! ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿರುವನು. ತಂತಿಯೂ ಚರ್ಮವೂ ಕೂಡಿ ನುಡಿಯುವ ಈ ಡಬ್ಬಿಯನ್ನು ಯಾವ ಪಂಕ್ತಿಯಲ್ಲಿ ಕೂಡ್ರಿಸಬೇಕು?

ಅದರ ನಾದವು ಶುದ್ಧವಲ್ಲ. ಮೀಟಿದೊಡನೆ ಚರ್ಮವು ಗೊರಗುಟ್ಟುವದು. ತೇವದ ಗಾಳಿಗೆ ಸಡಿಲಾಗಿ ಶ್ರುತಿ ಇಳಿಯುವದು. ತಾಳದ ಹುಡುಗನು ತನ್ನ ಮೊಬಾಯಿಲಿನ ಶ್ರುತಿಯಂತ್ರವನ್ನು ತೋರಿಸಿ, "ಕಾಕಾ, ಇದರಾಗ ಶ್ರುತಿ ಇಳಿಯೂದಿಲ್ಲರಿ" ಎಂದನು. ಮುಂದಾಳು ನಕ್ಕು, "ಹೌದಪಾ. ನನ್ನ ದನಿ ಇಳದಾಗ ಅದು ನನ್ನ ಕೂಡ ಇಳದು ಬರತೈತೇನು?" ಎಂದರು. ಆದರೂ ಹುಡುಗನ ಸಮಾಧಾನಕ್ಕೆಂದು ಮುಂದಿನ ಪದಕ್ಕೆ ಎರಡನ್ನೂ ನುಡಿಸಿದರು. ಅರ್ಧ ಪದವಾಗುವಷ್ಟರಲ್ಲಿ ಯಂತ್ರವೊಂದು ಕಡೆ, ಮೇಳವೊಂದು ಕಡೆ!

ಶಾರ್ಙ್ಗದೇವನು 13ನೆಯ ಶತಮಾನದ ತನ್ನ ಸಂಗೀತರತ್ನಾಕರದಲ್ಲಿ ಗಾಯಕರ ದೋಷಗಳನ್ನು 25 ಎಂದು ಎಣಿಸಿರುವನು. ಮೂಗಿನಿಂದ ಹಾಡುವದು ದೋಷ. ಕಣ್ಣು ಮುಚ್ಚಿ ಹಾಡುವದೂ ದೋಷ. ಆ ಕಟ್ಟೆಯ ಮೇಲೆ ಏಳೆಂಟು ದೋಷಗಳಾದರೂ ಸಿಕ್ಕುತ್ತಿದ್ದವು. ಕೇಳುವವರು ಮಾತ್ರ ಯಾರೂ ಏಳಲಿಲ್ಲ. ಆ ಗೊರಗಿನಲ್ಲಿ ಹಾಡುವವನ ಉಸಿರೂ, ವಾದ್ಯ ಕಟ್ಟಿದವನ ಕೈಯೂ ಸ್ಪಷ್ಟವಾಗಿ ಕೇಳಿಸುವದರಿಂದಲೇ ಎಂದು ನನಗೆ ತೋರುವದು. ಅಲಕ್ಷ್ಯದ ಅಪಸ್ವರವನ್ನು ನಾನು ಹೊಗಳಲಾರೆ. ತಾಳ ತಪ್ಪಿದವನನ್ನು ಈ ಮೇಳವೂ ಬಿಡದು.

ಶಾಸ್ತ್ರೀಯ ಸಂಗೀತದವರಾದರೂ ಬರಿಯ ಶುದ್ಧನಾದಕ್ಕೆ ತೃಪ್ತರಾದರೆ? ಇದೇ ರೈಲುಮಾರ್ಗದ ಮಿರಜೆಯಲ್ಲಿ ತಂಬೂರಿಗಳನ್ನು ಮಾಡುವರು. ಅಲ್ಲಿಯ ಕುಶಲರು ಕುದುರೆಯ ಮೇಲ್ಮೈಯನ್ನು ಹದವಾಗಿ ಉಜ್ಜುವರು. ನುಡಿಸುವವರು ತಂತಿಯ ಕೆಳಗೆ ನೂಲಿನ ಎಳೆಯೊಂದನ್ನಿರಿಸಿ, ತಂತಿಯು ಕುದುರೆಯನ್ನು ಸೋಕಿ ಸೋಕಿ ಝೇಂಕರಿಸುವವರೆಗೆ ಅದನ್ನು ಕೂದಲೆಳೆಯಷ್ಟು ಸರಿಸುತ್ತಿರುವರು. ಆ ಝೇಂಕಾರಕ್ಕೆ ಜವಾರಿ ಎಂದು ಹೆಸರು. ನಮ್ಮ ಭಾಗದ ಗೃಹಿಣಿಯರಿಗೆ ಜವಾರಿ ಎಂದರೆ ನಾಡತಳಿಯದು, ಜವಾರಿ ಜೋಳದಂತೆ. ಮಿರಜೆಯ ತಂಬೂರಿಗೆ 2024ರಲ್ಲಿ ಸರಕಾರದ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಎಣ್ಣೆಯ ಡಬ್ಬಿಗೆ ಅಂಥ ಮುದ್ರೆಯನ್ನು ಒತ್ತುವವರು ಯಾರು?