ಬೆಳ್ಳಿಯ ಕರಡಿಗೆ, ಬೆಳ್ಳಿಯ ಲೇಪ

ನಮ್ಮ ತಂದೆಯವರು ಅರಸೀಕೆರೆಯ ಮನೆಯಲ್ಲಿ ಹಾಸಿಗೆ ಹಿಡಿದಾಗ ಮೂತ್ರ ವಿಸರ್ಜನೆಗಾಗಿ ಕ್ಯಾಥೆಟರ್ ಹಾಕಿಸಬೇಕಾಯಿತು. ಎರಡು ಬಾರಿ ಸೋಂಕು ತಗುಲಿ ಚಳಿಜ್ವರದಿಂದ ನಡುಗಿದರು. ಬೇಲೂರಿನಿಂದ ನೋಡಲು ಬಂದ ಭಾವನವರು, "ಬೆಳ್ಳಿ ಲೇಪಿಸಿದ ಕೊಳವೆಗಳಿವೆಯಂತೆ, ಹಣದ ಮುಖ ನೋಡುವುದು ಬೇಡ" ಎಂದರು. ತಂದೆಯವರು ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡು, "ಅಳಿಯಂದಿರೇ, ಇದೂ ಬೆಳ್ಳಿಯದೇ ಅಲ್ಲವೇ?" ಎಂದು ನಕ್ಕರು.

ನಾನು ವೈದ್ಯರನ್ನು ವಿಚಾರಿಸಿದೆ. ಹಳೇಬೀಡಿನ ಕಂಬದಂತೆ ನುಣುಪಾಗಿ ಕಾಣುವ ಕೊಳವೆಯೂ ರೋಗಾಣುಗಳಿಗೆ ನೆಲೆಯೂರಲು ಸಾಕಂತೆ. ಅವು ಅದಕ್ಕಂಟಿ, ಲೋಳೆಯ ಪೊರೆಯನ್ನು ಹೆಣೆದುಕೊಂಡು ಮರೆಯಲ್ಲಿ ಬೆಳೆಯುತ್ತವೆ. ಅಲ್ಲಿಗೆ ಔಷಧಿಯ ಪ್ರಭಾವ ಸುಲಭವಾಗಿ ತಟ್ಟದು. ಬೆಳ್ಳಿಯಿಂದ ಹೊರಡುವ ಅಯಾನುಗಳು ಅವುಗಳನ್ನು ಕೊಲ್ಲುವುದು ನಿಜ. ಆದರೆ 2012ರಲ್ಲಿ ಪ್ರಕಟವಾದ, ಬ್ರಿಟನ್ನಿನ 24 ಆಸ್ಪತ್ರೆಗಳ ಏಳು ಸಾವಿರಕ್ಕೂ ಮಿಕ್ಕ ರೋಗಿಗಳ ಅಧ್ಯಯನದಲ್ಲಿ, ಅಲ್ಪಕಾಲ ಕೊಳವೆ ಧರಿಸಿದವರ ಪೈಕಿ ಬೆಳ್ಳಿಯ ಲೇಪದವರಲ್ಲಿ ಶೇಕಡ 12.5, ಬೆಳ್ಳಿಯಿಲ್ಲದ ಕೊಳವೆಯವರಲ್ಲಿ ಶೇಕಡ 12.6 ಮಂದಿಗೆ ಸೋಂಕು ತಗುಲಿತ್ತು. ನನಗೆ ನಿರಾಶೆಯೇ ಆಯಿತೆನ್ನಬೇಕು. ಹಣವನ್ನು ಆಗಲೇ ಹೊಂದಿಸಿಟ್ಟಿದ್ದೆ.

ಕೊಳವೆಯನ್ನು ಮುಟ್ಟುವ ಮೊದಲೂ ಅನಂತರವೂ ಸೋಪಿನಿಂದ ಕೈ ತೊಳೆಯಬೇಕು, ಮೂತ್ರದ ಚೀಲವು ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಅಗತ್ಯ ತೀರಿದೊಡನೆ ಕೊಳವೆಯನ್ನು ತೆಗೆಸಬೇಕು: ವೈದ್ಯರು ಹೇಳಿದ್ದು ಇಷ್ಟೇ. ಇದನ್ನು ಮೊದಲೇ ಕೇಳಿಕೊಳ್ಳದ ತಪ್ಪು ನನ್ನದು.

ಮರುದಿನ ನನ್ನ ಮಡದಿ ಚೀಲ ಖಾಲಿಮಾಡಲು ಬಂದಾಗ ತಂದೆಯವರು, "ಲಿಂಗಪೂಜೆಗೆ ಕೂರುವಾಗ ತೊಳೆಯುವ ಹಾಗೆ ಕೈ ತೊಳೆದು ಬಾ ತಾಯಿ" ಎಂದರು. ಆಕೆ ಬಚ್ಚಲಿಗೆ ಹೋದಳು. ಹಿಂದೆಯೇ ನಾನೂ ಹೋದೆ.