ಗುಬ್ಬಿ ರೈಲಿನ ಅಕ್ಕ

ದಸರಾ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಗುಬ್ಬಿಯಿಂದ ತುಮಕೂರಿಗೆ ಹೊರಟಿದ್ದೆ. ಆರನೇ ತರಗತಿಯ ಹುಡುಗಿ. ಬಸ್ಸು ಬೇಡ, ರೈಲೇ ಬೇಕು ಎಂದು ಹಟ. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗವೂ ಸಿಕ್ಕಿತು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಬೋಗಿಯ ಆ ತುದಿಯಿಂದ ಚಪ್ಪಾಳೆ ಸದ್ದು ಕೇಳಿಸಿತು. ಎದುರಿಗೆ ಕೂತಿದ್ದವರಿಗೆ ಇದ್ದಕ್ಕಿದ್ದಂತೆ ನಿದ್ದೆ ಬಂತು. ಅವರ ಪಕ್ಕದವರು ಮೊಬೈಲಿನೊಳಗೆ ತಲೆ ಹುದುಗಿಸಿದರು.

ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ, ಹಣೆಗೆ ಅಗಲವಾದ ಕುಂಕುಮ, ಗಡಸು ದನಿ. ನಮ್ಮ ಮುಂದೆ ಬಂದು ನಿಂತರು. ಮೊಮ್ಮಗಳು ಬೋಗಿಗೆಲ್ಲ ಕೇಳುವಂತೆ, "ತಾತ, ಇವರು ಅಂಕಲ್ಲಾ, ಆಂಟಿನಾ?" ಎಂದುಬಿಟ್ಟಳು.

"ಶ್!" ಎಂದು ಅವಳ ಕೈ ಅದುಮಿದೆ. ಆದರೆ ಅವರು ನಕ್ಕರು. "ಅಕ್ಕ ಅನ್ನು ಪುಟ್ಟಿ, ಸಾಕು" ಎಂದು ಅವಳ ತಲೆ ಸವರಿದರು. ನಾನು ಅವರ ಮುಖ ನೋಡದೆ ಹತ್ತು ರೂಪಾಯಿ ಕೊಟ್ಟೆ. ಮುಂದಿನ ಸಾಲಿಗೆ ಹೋದರು.

"ನಾನು ಕೇಳಿದ್ದು ತಪ್ಪಾ ತಾತ?"

ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಮೇಷ್ಟ್ರು ನಾನು. ಬಾಯಿಗೆ ಉತ್ತರ ಬರಲಿಲ್ಲ. ನೆನಪಿಗೆ ಬಂದದ್ದು ಬೇರೆ.

ಆಗ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬೋರ್ಡಿನ ಮೇಲೆ ದಿನದ ಸುಭಾಷಿತ ಬರೆಯುವುದು ಅವನ ಕೆಲಸ, ಅಷ್ಟು ದುಂಡಗಿನ ಅಕ್ಷರ. ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ. ನಡಿಗೆ, ಕೈ ತಿರುಗಿಸುವ ರೀತಿ ಎಲ್ಲ ಹುಡುಗಿಯರದ್ದೇ. ಒಂದು ದಿನ ವ್ಯಾಕರಣ ಪಾಠ. ಪುಲ್ಲಿಂಗ ಆಯಿತು, ಸ್ತ್ರೀಲಿಂಗ ಆಯಿತು. "ನಪುಂಸಕಲಿಂಗ" ಎಂದೆ. ಹಿಂದಿನ ಬೆಂಚಿನಿಂದ ಯಾರೋ ಅವನ ಹೆಸರು ಕೂಗಿದರು. ಇಡೀ ತರಗತಿ ಅವನ ಕಡೆ ತಿರುಗಿ ನಕ್ಕಿತು. ನಾನೂ ನಕ್ಕೆ.

ಅವನು ತಲೆ ತಗ್ಗಿಸಿ ಬರೆಯುತ್ತಲೇ ಇದ್ದ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಅವನ ಮನೆ ಶಾಲೆಯಿಂದ ಒಂದು ಮೈಲಿ. ನಾನು ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ.

ಅವನು ದೊಡ್ಡವನಾಗಿ ಏನಾದನೋ ತಿಳಿಯದು. ಹುಡುಗಿಯರಂತೆ ನಡೆಯುವ ಹುಡುಗರೆಲ್ಲ ಹೆಣ್ಣಾಗಿ ಬಾಳಬೇಕೆಂದು ಬಯಸುವುದಿಲ್ಲ. ಆದರೆ ನಮ್ಮ ನಗುವಿಗೆ ಆ ವ್ಯತ್ಯಾಸವೆಲ್ಲ ಬೇಕಿರಲಿಲ್ಲ.

ಮನೆಗೆ ಬಂದ ಮೇಲೆ ಮೊಮ್ಮಗಳು ಬಿಡಲಿಲ್ಲ. ಅವಳಿಗೆ ಹೇಳಲೆಂದು ನಾನೇ ಓದಿ ತಿಳಿದುಕೊಂಡೆ. ಮಗು ಹುಟ್ಟಿದಾಗ ಮೈ ನೋಡಿ ಗಂಡು, ಹೆಣ್ಣು ಎನ್ನುತ್ತೇವೆ. ಹೆಚ್ಚಿನವರಿಗೆ ಬೆಳೆಯುತ್ತಾ ಒಳಗಿನಿಂದಲೂ ಅದೇ ಸರಿ ಎನಿಸುತ್ತದೆ. ಕೆಲವರಿಗೆ ಹಾಗನಿಸುವುದಿಲ್ಲ. ಅದು ಕಾಯಿಲೆಯಲ್ಲ; ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ನೋಡಿ ಕಲಿಯುವಂಥದ್ದೂ ಅಲ್ಲ, ಹೊಡೆದು ಬಿಡಿಸುವಂಥದ್ದೂ ಅಲ್ಲ.

"ನಾಟಕದಲ್ಲಿ ಗಂಡಸರು ಸೀರೆ ಉಡ್ತಿದ್ರಂತಲ್ಲ, ಹಾಗಾ?" ಎಂದಳು. ನಮ್ಮೂರಿನವಳಲ್ಲವೇ! 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಿ ಮೊದಮೊದಲು ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದರು. ಆದರೆ ಪರದೆ ಬಿದ್ದ ಮೇಲೆ ಅವರು ಬಣ್ಣ ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು. ರೈಲಿನ ಅಕ್ಕನದು ಪಾತ್ರವಲ್ಲ, ಅವರೇ ಹಾಗೆ ಎಂದೆ. ಅರ್ಥವಾಯಿತು ಅನ್ನಿಸುತ್ತದೆ.

ಆಮೇಲೆ ಮಂಜಮ್ಮ ಜೋಗತಿಯವರ ವಿಡಿಯೊ ತೋರಿಸಿದೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದವರು. ಮನೆಯವರು ಗಂಡುಮಗು ಎಂದೇ ಬೆಳೆಸಿದ್ದರು. ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತು, ಊರೂರು ಕುಣಿದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು! "ಅಜ್ಜಿ ನಂಗೆ ತೆಗೀತಾರಲ್ಲ, ಹಾಗೇ" ಎಂದು ಮೊಮ್ಮಗಳು ಮೂರು ಸಲ ಹಾಕಿಸಿಕೊಂಡು ನೋಡಿದಳು.

"ಮತ್ತೆ ಅಕ್ಕ ಯಾಕೆ ರೈಲಲ್ಲಿ ದುಡ್ಡು ಕೇಳ್ತಾರೆ?"

ಮನೆಯವರು ಹೊರಗೆ ಹಾಕುತ್ತಾರೆ, ಓದು ನಿಲ್ಲುತ್ತದೆ, ಬಾಡಿಗೆಗೆ ಮನೆ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗಿಗಳೆಂದು ಗುರುತಿಸಬೇಕು ಎಂದಿತು. ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ಕೆಲಸಗಳಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. 2019ರ ಕಾಯ್ದೆಯ ಪ್ರಕಾರ ಶಾಲೆಯಲ್ಲಿ ಇವರಿಗೆ ಭೇದ ಮಾಡುವಂತಿಲ್ಲ. ಅದನ್ನು ಓದುವಾಗ ನನಗೆ ಆ ಕೆಂಪು ಗೆರೆ ಕಂಡಿತು. ನನ್ನ ಕಾಲಕ್ಕೆ ಕಾಯ್ದೆ ಇರಲಿಲ್ಲ, ನಿಜ. ನಗದೇ ಇರಲು ಕಾಯ್ದೆ ಬೇಕಿತ್ತೇ?

ಕೆಲವರು ಜಬರ್ದಸ್ತಿ ಮಾಡುತ್ತಾರೆ ಎಂದು ನನ್ನ ಸ್ನೇಹಿತರು ಹೇಳುತ್ತಾರೆ. ಮಾಡಬಹುದು. ಜಬರ್ದಸ್ತಿ ಮಾಡುವವರು ಯಾರಲ್ಲಿಲ್ಲ? ಕೊಡಲು ಮನಸ್ಸಿಲ್ಲದಿದ್ದರೆ ಮುಖ ನೋಡಿ "ಇಲ್ಲಮ್ಮ" ಎನ್ನಬಹುದು. ಸುಳ್ಳು ನಿದ್ದೆ ಬೇಕಿಲ್ಲ. ಮೈ ಬಗ್ಗೆ, ಹಳೆಯ ಹೆಸರಿನ ಬಗ್ಗೆ ಕೆದಕಬಾರದು. ಅದನ್ನು ನಿಮ್ಮನ್ನೂ ಯಾರೂ ಕೇಳುವುದಿಲ್ಲವಲ್ಲ, ಮಕ್ಕಳೇ. ಅವನೋ ಅವಳೋ ತಿಳಿಯದಿದ್ದರೆ ನಮ್ಮ ಕನ್ನಡದಲ್ಲಿ "ಅವರು" ಇದೆ. "ಬಂದರು", "ಕೂತರು" ಎಂದರೆ ಮುಗಿಯಿತು, ಮರ್ಯಾದೆಯೂ ಉಳಿಯಿತು. ವ್ಯಾಕರಣ ಪಾಠದಲ್ಲಿ ನಾನು ಅಂದು ಹೇಳಬೇಕಿದ್ದದ್ದು ಇದು.

ಸಂಕ್ರಾಂತಿ ಮುಗಿದ ಮೇಲೆ ಮತ್ತೆ ಅದೇ ಗಾಡಿಯಲ್ಲಿ ಹೋದೆವು. ಚಪ್ಪಾಳೆ ಕೇಳುತ್ತಲೇ ಮೊಮ್ಮಗಳು ಎದ್ದು ನಿಂತಳು. "ಅಕ್ಕಾ!" ಎಂದು ಕರೆದು, ಡಬ್ಬಿಯಲ್ಲಿ ಉಳಿದಿದ್ದ ಎಳ್ಳುಬೆಲ್ಲ ಕೊಟ್ಟಳು. ಅವರು ಒಂದು ಗಳಿಗೆ ಸುಮ್ಮನೆ ನಿಂತು, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ನಮ್ಮ ಎದುರಿನ ಸೀಟಿನಲ್ಲಿ ಕೂತರು. ಕೂತವರು "ಎಷ್ಟನೇ ಕ್ಲಾಸು?" ಎಂದು ಅವಳನ್ನು ವಿಚಾರಿಸಿದರು. ತಾವು ಎಂಟನೇ ಕ್ಲಾಸಿಗೇ ಬಿಟ್ಟೆವೆಂದರು.

"ಯಾವೂರಮ್ಮ ನಿಮ್ಮದು?" ಎಂದೆ.

"ಕುಣಿಗಲ್ ಕಡೆ, ಸಾ."

ನನ್ನ ಎದೆ ಹೊಡೆದುಕೊಂಡಿತು. ವಯಸ್ಸು ನೋಡಿದರೆ ಅವನಾಗಿರಲು ಸಾಧ್ಯವಿಲ್ಲ, ಇವರು ತುಂಬಾ ಚಿಕ್ಕವರು. ಆದರೂ ಆ ಹುಡುಗನ ವಿಷಯ ಇವರಿಗೆ ಗೊತ್ತಿರಬಹುದೇನೋ ಎನಿಸಿ ಹೆಸರು ನಾಲಿಗೆಯ ತುದಿಗೆ ಬಂತು. ಅಲ್ಲೇ ತಡೆದೆ. ನನಗೆ ಗೊತ್ತಿರುವುದು ಹಾಜರಿ ಪುಸ್ತಕದ ಹೆಸರು ಮಾತ್ರ. ತುಮಕೂರು ಬಂತು. ಅವರೇ ನನ್ನ ಚೀಲ ಹಿಡಿದು ಇಳಿಸಿಕೊಟ್ಟರು.