ಅಕ್ಕೂರಿನ ಜಗುಲಿಯಲ್ಲಿ ಬೆಳ್ಳಿ ಕೆಲಸ

ಚನ್ನಪಟ್ಟಣದಲ್ಲಿ ಇಳಿದವರು ಬೊಂಬೆ ಅಂಗಡಿಗಳ ಕಡೆ ತಿರುಗುವುದು ವಾಡಿಕೆ. ನಾನು ಅಕ್ಕೂರಿನ ಬಸ್ಸು ಹತ್ತಿದೆ. ಹಿಪ್ಪುನೇರಳೆ, ತೆಂಗು, ಮಾವು, ನಡುನಡುವೆ ರಾಗಿ ಹೊಲ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದ ಗಾಜಿನ ಬಳೆಗಳ ಜೊತೆಗೆ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯ ಬಗ್ಗೆಯೂ ಬರೆದಿದ್ದಾನೆ. ತಂತಿ ಎಳೆಯುವುದನ್ನು ನೋಡುವ ಆಸೆ ನನಗೂ ಇತ್ತು, ಉಕ್ಕಿನದಲ್ಲ, ಬೆಳ್ಳಿಯದು.

ಅಕ್ಕಸಾಲಿ ಆಚಾರ್ರ ಮನೆ ಜಗುಲಿಯೇ ಅವರ ಅಂಗಡಿ. ಅಕ್ಕನ ಮೊಮ್ಮಗುವಿಗೆ ಕಡಗ ಬೇಕೆಂದು ಮೊದಲೇ ಹೇಳಿ ಕಳಿಸಿದ್ದೆ. ಹೋಗುವಷ್ಟರಲ್ಲಿ ಮೂಸೆ ಬೆಂಕಿಯಲ್ಲಿತ್ತು. ಬೆಳ್ಳಿ ಕರಗಲು 961 ಡಿಗ್ರಿ ಶಾಖ ಬೇಕು; ಅವರಿಗೆ ಕಣ್ಣೇ ಅಳತೆ. ಚಿಟಿಕೆ ಬಿಳಿಗಾರ ಉದುರಿಸಿದರು, ಕಸರೆಲ್ಲ ಅಂಚಿಗೆ ಸರಿಯಿತು, ನಡುವೆ ಲೋಹ ಕನ್ನಡಿಯಂತೆ ಹೊಳೆದು ಮೆಲ್ಲಗೆ ತಿರುಗತೊಡಗಿತು. ತಕ್ಷಣ ಎಣ್ಣೆ ಸವರಿದ ಅಚ್ಚಿಗೆ ಹೊಯ್ದರು. ಕಡ್ಡಿಯಾದ ಬೆಳ್ಳಿಯನ್ನು ಅಡಿಗಲ್ಲಿನ ಮೇಲಿಟ್ಟು ಬಡಿದರು. ಬಡಿದಷ್ಟೂ ಬೆಳ್ಳಿ ಗಡಸಾಗುತ್ತದೆ, ಹಾಗೇ ಬಡಿಯುತ್ತ ಹೋದರೆ ಸೀಳುತ್ತದೆ. ಮಂಕು ಕೆಂಪಿಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಬಡಿಯುವುದು, ಕಾಯಿಸುವುದು, ಅದ್ದುವುದು. ಆಮೇಲೆ ಕಂಬಚ್ಚಿನ ದೊಡ್ಡ ತೂತಿನಿಂದ ಶುರುಮಾಡಿ ಒಂದೊಂದೇ ಸಣ್ಣ ತೂತಿಗೆ ತೂರಿಸಿ ಇಕ್ಕಳದಲ್ಲಿ ಎಳೆದರು. ಕಾಲು ಗೋಡೆಗೆ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ ಎಳೆಯುವ ಕೆಲಸ ಅದು. ಎರಡೆಳೆ ಸೇರಿಸಿ ಹುರಿ ಮಾಡಿದಾಗ ಕಡಗದ ಅಂಚು ಸಿದ್ಧವಾಯಿತು.

ಇಂಥದೇ ಹುರಿಯನ್ನು ನಾನು ಅಮೆರಿಕದ ನವಾಹೊ ಜನರ ಬೆಳ್ಳಿ ಕಡಗಗಳ ಚಿತ್ರಗಳಲ್ಲಿ ಕಂಡಿದ್ದೆ. ಮೊಬೈಲಿನಲ್ಲಿ ತೋರಿಸಿದೆ. ಆಚಾರ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಈ ಹೂವು ಕೆತ್ತಿದ್ದಲ್ಲ ಸಾರ್, ಅಚ್ಚು ಹೊಡೆದಿರೋದು. ಒಂದೇ ಏಟು. ಎರಡನೇ ಏಟು ಬಿದ್ದಿದ್ರೆ ಗೆರೆ ಜೋಡಿಯಾಗ್ತಿತ್ತು. ಅಚ್ಚು ಯಾರು ಮಾಡಿಕೊಡ್ತಾರೆ ಅವರಿಗೆ?"

ಅವರೇ ಮಾಡಿಕೊಳ್ಳುತ್ತಾರೆ, ಹಳೇ ಕಬ್ಬಿಣದ ತುಂಡುಗಳಿಂದ ಎಂದೆ. ಆಚಾರ್ರು ಪಕ್ಕದ ಡಬ್ಬಿ ಸುರಿದರು: ಸವೆದ ಅರಗಳನ್ನು ಮುರಿದು, ಉಜ್ಜಿ, ತುದಿಯಲ್ಲಿ ಚುಕ್ಕಿ, ಎಸಳು, ಅರ್ಧಚಂದ್ರ ಕೆತ್ತಿದ ಅಚ್ಚುಗಳು. ಕೆಲವು ಅವರ ತಂದೆಯ ಕೈಯವು. ಇಷ್ಟು ದೂರದ ಎರಡು ಜನ ಒಂದೇ ಉಪಾಯಕ್ಕೆ ಬಂದದ್ದು ನನಗೆ ಬಹಳ ಖುಷಿ ಕೊಟ್ಟಿತು.

ನವಾಹೊಗಳಲ್ಲಿ ಮೊದಲ ಬೆಳ್ಳಿ ಕೆಲಸಗಾರನೆಂದು ಹೆಸರಾದ ಅತ್ಸಿದಿ ಸಾನಿ ಲೋಹದ ಕೆಲಸ ಕಲಿತದ್ದು ಮೆಕ್ಸಿಕೊದ ಕಮ್ಮಾರನೊಬ್ಬನಿಂದ. 1864ರಲ್ಲಿ ಅಮೆರಿಕದ ಸೈನ್ಯ ಆ ಜನರನ್ನು ಅವರ ನೆಲದಿಂದ ಎಬ್ಬಿಸಿ ಬೋಸ್ಕೆ ರೆಡೊಂಡೊ ಎಂಬ ಬಂಧನ ಶಿಬಿರಕ್ಕೆ ನಡೆಸಿಕೊಂಡು ಹೋಯಿತು; 1868ರಲ್ಲಿ ಮರಳಿದ ಮೇಲೆ ಬೆಳ್ಳಿ ಕೆಲಸ ಮನೆಮನೆಗೆ ಹರಡಿತು. ಅವರು ಕರಗಿಸಿದ್ದು ಅಮೆರಿಕದ ಡಾಲರು, ಮೆಕ್ಸಿಕೊದ ಪೆಸೊ. ನಮ್ಮಲ್ಲೂ ಒಡವೆಗೆ ಮೂಲ ನಾಣ್ಯವೇ. ವಿಕ್ಟೋರಿಯಾ ರಾಣಿಯ ರೂಪಾಯಿ ತೂಕ 1 ತೊಲ, ಅಂದರೆ 11.66 ಗ್ರಾಂ, 12 ಪಾಲಿನಲ್ಲಿ 11 ಬೆಳ್ಳಿ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. "ಅರ್ಧ ಬೆಳ್ಳಿ ರೂಪಾಯಿ ಕರಗಿಸಿದ್ರೆ ಒಡವೆ ಬೇಗ ಕಪ್ಪಾಗ್ತದೆ," ಎಂದರು ಆಚಾರ್ರು.

ಈಗ ಅವರ ಬಳಿ ಬರುವುದು ಹೆಚ್ಚಾಗಿ ರಿಪೇರಿ, ಹರಕೆಯ ಬೆಳ್ಳಿ ಕಣ್ಣು, ಆಗೊಮ್ಮೆ ಈಗೊಮ್ಮೆ ಉಡಿದಾರ. ಗೆಜ್ಜೆ, ಕಾಲ್ಚೈನು ಸೇಲಂನಿಂದಲೋ ಕೊಲ್ಲಾಪುರದ ಹುಪರಿಯಿಂದಲೋ ಪೇಟೆಗೆ ಬಂದು ಬೀಳುತ್ತವೆ. ಇಂದಿನ ನವಾಹೊ ಕಸುಬುದಾರರು ಒಡವೆಯ ಹಿಂಬದಿಗೆ ತಮ್ಮದೇ ಗುರುತು ಹೊಡೆಯುತ್ತಾರೆ. ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು ಅಮೆರಿಕದ 1990ರ ಕಾಯ್ದೆಯಂತೆ ಅಪರಾಧ. ಚನ್ನಪಟ್ಟಣದ ಬೊಂಬೆಗೂ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿದೆ. ಹಳ್ಳಿಯ ಅಕ್ಕಸಾಲಿಯ ಕೈಕೆಲಸಕ್ಕೆ ಮಾತ್ರ ಹೆಸರಿಲ್ಲ, ತೂಕವೊಂದೇ. ಇದು ಅನ್ಯಾಯವೆಂದೇ ನನಗನ್ನಿಸುತ್ತದೆ.

ಕಡಗವನ್ನು ಹುಣಸೆ ನೀರಲ್ಲಿ ಕುದಿಸಿ, ಅಂಟುವಾಳದಲ್ಲಿ ತಿಕ್ಕಿ ಕೈಗಿಟ್ಟರು. ಒಳಬದಿಗೆ ನಿಮ್ಮ ಅಕ್ಷರ ಹೊಡೆಯಿರಿ ಆಚಾರ್ರೇ ಎಂದು ಕೇಳಿದೆ.

"ಅಕ್ಷರದ ಅಚ್ಚು ಯಾವತ್ತೂ ಬೇಕಾಗಿಲ್ಲ ಸಾರ್. ಹಬ್ಬ ಕಳೀಲಿ, ಒಂದು ಅರ ಉಜ್ಜಿ ಇಟ್ಟಿರ್ತೀನಿ. ಕಡಗ ತಗೊಂಡೇ ಬನ್ನಿ."